ಕರಿದ ಆಲೂಗಡ್ಡೆ ಗರಿಗರಿಯಾಗುವ ಮೊದಲೇ ಕಪ್ಪಾಗುವುದೇಕೆ?

ಆಲೂಗಡ್ಡೆಯ ತೂಕದಲ್ಲಿ ಸುಮಾರು ಶೇ 80 ಭಾಗ ನೀರು. ಕಾದ ಎಣ್ಣೆಗೆ ಬಿದ್ದ ಹೋಳಿನಿಂದ ಅದು ಆವಿಯಾಗಿ ಹೊರಡುವಾಗ ಬಾಣಲೆಯಲ್ಲಿ ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳ ಸದ್ದು ಅಡಗಿತೆಂದರೆ ಹೋಳು ಗರಿಗರಿಯಾಯಿತೆಂದೇ ಅರ್ಥ. ನೀರಿರುವಷ್ಟು ಕಾಲ ಒಳಭಾಗ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಣಗಿದ ಹೊರಮೈ ಮಾತ್ರ ಅದನ್ನು ಮೀರಿ ಕಾಯುತ್ತದೆ. ಅಲ್ಲಿ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಹೊಂಬಣ್ಣವನ್ನೂ ಘಮವನ್ನೂ ಕೊಡುತ್ತವೆ. ಸಕ್ಕರೆ ಹೆಚ್ಚಿದ್ದರೆ, ಒಳಗಿನ ನೀರು ಹೋಗುವುದರೊಳಗೆ ಹೊರಮೈ ಕಪ್ಪಾಗಿ ಕಹಿಯಾಗುತ್ತದೆ.

ಮನೆಗಳಲ್ಲಿ ಇದಕ್ಕೆ ಮುಖ್ಯ ಕಾರಣ ಫ್ರಿಜ್. ಅದರ ತಂಪಿನಲ್ಲಿ ಆಲೂಗಡ್ಡೆಯ ಪಿಷ್ಟ ಮೆಲ್ಲಗೆ ಸಕ್ಕರೆಯಾಗುತ್ತದೆ. ಅಂಥ ಗಡ್ಡೆಯನ್ನು ಕರಿದಾಗ ಅಕ್ರಿಲಮೈಡ್ ಎಂಬ ಅಪಾಯಕಾರಿ ಸಂಯುಕ್ತವೂ ಹೆಚ್ಚು ಉಂಟಾಗುತ್ತದೆ. ಕರಿದ ಆಹಾರದಲ್ಲಿ ಅದಿರುವುದನ್ನು 2002ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ವಿಜ್ಞಾನಿಗಳು. ಆದ್ದರಿಂದ ಗಾಳಿಯಾಡುವ ಕತ್ತಲೆಯ ಮೂಲೆಯೇ ಆಲೂಗಡ್ಡೆಗೆ ಸರಿಯಾದ ಜಾಗ.

ಹೆಚ್ಚಿದ ಹೋಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿಟ್ಟರೆ ಮೇಲ್ಮೈಯ ಸಕ್ಕರೆ, ಪಿಷ್ಟ ಕಳೆಯುತ್ತವೆ. ಅನಂತರ ಬಟ್ಟೆಯಲ್ಲಿ ಚೆನ್ನಾಗಿ ಒರೆಸಲೇಬೇಕು. ಒದ್ದೆ ಹೋಳು ಎಣ್ಣೆಯನ್ನು ಸಿಡಿಸುತ್ತದೆ. ಎಣ್ಣೆ 170 ಡಿಗ್ರಿಯಷ್ಟು ಕಾದಿರಲಿ. ಒಮ್ಮೆಗೇ ಬಾಣಲೆ ತುಂಬಿದರೆ ಎಣ್ಣೆ ತಣಿದು ಹೋಳು ಜಿಡ್ಡಾಗುತ್ತದೆ. ಗೆಣಸು, ಬೀಟ್‌ರೂಟ್, ಕ್ಯಾರೆಟ್‌ಗಳಲ್ಲಿ ಸಹಜವಾಗಿಯೇ ಸಕ್ಕರೆ ಹೆಚ್ಚು, ಅವಕ್ಕೆ 150 ಡಿಗ್ರಿ ಸಾಕು.

ಸುವರ್ಣಗಡ್ಡೆಯ ತೊಡಕು ಬೇರೆ. ಅದರ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ. ಕರಿಯುವ ಮೊದಲು ಹುಣಸೆ ನೀರಿನಲ್ಲಿ ನೆನೆಸುವ ರೂಢಿ ಇದಕ್ಕಾಗಿಯೇ.