ಮಗ್ಗದ ಊರಿನ ಊಟ, ಪಾಲಿಕೆಯ ಕೆಲಸ
ಇಚಲಕರಂಜಿ ಅಂದ್ರೆ ವಿದ್ಯುತ್ ಮಗ್ಗಗಳ ಊರು. ರಾತ್ರಿ ಪಾಳಿಯ ಎಷ್ಟೋ ಕಾರ್ಮಿಕರಿಗೆ ಬೀದಿ ಗಾಡಿಯೇ ಅಡುಗೆಮನೆ. ಹಾಗಾಗಿ ಆಹಾರ ನೀತಿ ಅಂದಾಗ ನಾನು ಮೊದಲು ನೋಡೋದು ಗಾಡಿ ನಿಲ್ಲೋ ಜಾಗವನ್ನ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪಾಲು ಶೇ. 40ಕ್ಕಿಂತ ಕಡಿಮೆ ಇರಬಾರದು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಸಿಗೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ.

2022ರಲ್ಲಿ ಇಲ್ಲಿಯ ನಗರ ಪರಿಷತ್ತು ಮಹಾನಗರಪಾಲಿಕೆ ಆಯ್ತು. ಹೆಸರು ದೊಡ್ಡದಾದ್ರೆ ಸಾಲದು. ವ್ಯಾಪಾರ ವಲಯ ಗುರುತಿಸುವಾಗ ಪಾಳಿ ಬದಲಾಗೋ ಹೊತ್ತು, ಕಾರ್ಖಾನೆಯ ದಾರಿ ನೋಡಬೇಕು. ಅಲ್ಲಿ ಕುಡಿಯೋ ನೀರು, ದೀಪ, ಕಸದ ವ್ಯವಸ್ಥೆ ಕೊಡಬೇಕು. ಗಾಡಿಯನ್ನ ಊರಾಚೆ ದೂಡಿದ್ರೆ ಅಗ್ಗದ ಊಟವೂ ಅದರ ಜೊತೆಗೇ ಹೋಗುತ್ತೆ.