ಬಟ್ಟೆ ಹೊದಿಸುವ ಮುನ್ನ: ಮನೆಯಲ್ಲಿ ಕಟ್ಟಿದ ವಿಮಾನದ ರೆಕ್ಕೆಗೆ ಕೊನೆಯ ಪರೀಕ್ಷೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಪಟ್ಟಣದಲ್ಲಿ 1970ರಿಂದ ನಡೆಯುತ್ತ ಬಂದಿರುವ ವಿಮಾನ ಮೇಳ ಜಗತ್ಪ್ರಸಿದ್ಧ. ಮನೆಯ ಗ್ಯಾರೇಜಿನಲ್ಲಿ, ಹಿತ್ತಲಿನ ಷೆಡ್ಡಿನಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟಿದವರು ಜುಲೈ ತಿಂಗಳ ಕೊನೆಯ ದಿನಗಳಲ್ಲಿ ಅದನ್ನು ತಾವೇ ಹಾರಿಸಿಕೊಂಡು ಬಂದು ಇಲ್ಲಿ ಇಳಿಯುತ್ತಾರೆ. ಅವರು ಇಳಿಯುವ ನಿಲ್ದಾಣಕ್ಕೆ ಸ್ಟೀವ್ ವಿಟ್‌ಮನ್ ಎಂಬವರ ಹೆಸರಿದೆ.

ವಿಟ್‌ಮನ್ ಸಾಮಾನ್ಯ ಹವ್ಯಾಸಿಯಲ್ಲ. ವಿಮಾನ ಪಂದ್ಯಗಳಲ್ಲಿ ಹೆಸರು ಮಾಡಿದ ಚಾಲಕ, ‘ಟೇಲ್‌ವಿಂಡ್’ ಮೊದಲಾದ ವಿಮಾನಗಳ ವಿನ್ಯಾಸಕಾರ. 1931ರಿಂದ 1969ರವರೆಗೆ ಇದೇ ನಿಲ್ದಾಣದ ವ್ಯವಸ್ಥಾಪಕರಾಗಿದ್ದವರು. 1995ರ ಏಪ್ರಿಲ್ 27ರಂದು ಅವರು ಪತ್ನಿ ಪೌಲಾ ಅವರೊಂದಿಗೆ ಫ್ಲಾರಿಡಾದಿಂದ ಆಶ್‌ಕಾಶ್‌ನತ್ತ ಹೊರಟಿದ್ದರು. ಅವರೇ ಕಟ್ಟಿದ ‘ಓ ಅಂಡ್ ಓ ಸ್ಪೆಷಲ್’ ವಿಮಾನ ಅಲಬಾಮಾ ರಾಜ್ಯದ ಆಗಸದಲ್ಲಿ ಛಿದ್ರವಾಯಿತು. ದಂಪತಿ ಇಬ್ಬರೂ ಅಸುನೀಗಿದರು. ವಿಟ್‌ಮನ್ ಅವರಿಗೆ ಆಗ 91 ವರ್ಷ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ ಗುರುತಿಸಿದ ಕಾರಣ ವಿಮಾನ ಜಗತ್ತನ್ನು ಬೆಚ್ಚಿಬೀಳಿಸಿತು. ರೆಕ್ಕೆಗೆ ಹೊದಿಸಿದ ಬಟ್ಟೆ ಒಂದು ಕಡೆ ಸರಿಯಾಗಿ ಅಂಟಿರಲಿಲ್ಲ. ಆ ಭಾಗ ಹಿಂಬದಿಯ ಅಂಚಿನಲ್ಲಿ ಕಿತ್ತುಬಂದಿತು. ಅದರಿಂದ ರೆಕ್ಕೆಯೂ ಅದರ ಹಿಂಬದಿಯ ಚಲಿಸುವ ಫಲಕವಾದ ಏಲೆರಾನ್ ಕೂಡ ಗಾಳಿಗೆ ಸಿಕ್ಕ ಬಾವುಟದಂತೆ ಅದುರತೊಡಗಿದವು. ‘ಫ್ಲಟರ್’ ಎಂದು ಕರೆಯಲಾಗುವ ಈ ಕಂಪನಕ್ಕೆ ವಿಮಾನ ಬಲಿಯಾಯಿತು. ಬಟ್ಟೆ ಬಿಟ್ಟುಕೊಳ್ಳಲು ಕಾರಣ ಅದನ್ನು ಹೊದಿಸಿದ ಕ್ರಮದಲ್ಲಿದ್ದ ದೋಷ ಎಂದು ಮಂಡಳಿ ಹೇಳಿತು.

ಏಳು ದಶಕಗಳ ಅನುಭವವಿದ್ದವರಿಗೇ ಹೀಗಾದರೆ ಮೊದಲ ಬಾರಿ ವಿಮಾನ ಕಟ್ಟುವವರ ಪಾಡೇನು? ರೆಕ್ಕೆಗೆ ಬಟ್ಟೆ ಹೊದಿಸುವುದಕ್ಕಿಂತ ಅದಕ್ಕೆ ಮುಂಚಿನ ಸಿದ್ಧತೆಗೇ ಹೆಚ್ಚಿನ ಮಹತ್ವ ಬಂದಿರುವುದು ಈ ಕಾರಣಕ್ಕಾಗಿ.

ಬಟ್ಟೆಯ ರೆಕ್ಕೆ ಇಂದಿಗೂ ಏಕೆ?

ಜೆಟ್ ಯುಗದಲ್ಲಿ ಬಟ್ಟೆಯ ರೆಕ್ಕೆಯೇ ಎಂದು ಅಚ್ಚರಿಯಾಗಬಹುದು. ಆದರೆ ಸಣ್ಣ ವಿಮಾನಗಳಲ್ಲಿ ಬಟ್ಟೆ ಇಂದಿಗೂ ಬಳಕೆಯಲ್ಲಿದೆ. ಅದು ಹಗುರ, ಅಗ್ಗ, ಹರಿದರೆ ತೇಪೆ ಹಾಕುವುದೂ ಸುಲಭ. ಮಿನ್ನೆಸೋಟಾ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪಾಲ್ ಅವರು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಜೋಡಿಸಿ 1929ರಲ್ಲಿ ಹಾರಿಸಿದ ‘ಏರ್ ಕ್ಯಾಂಪರ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಕ್ಷೆ 1932ರಲ್ಲಿ ಪತ್ರಿಕೆಯೊಂದರ ಕೈಪಿಡಿಯಲ್ಲಿ ಅಚ್ಚಾಯಿತು. ಅದೇ ಮಾದರಿಯ ವಿಮಾನಗಳನ್ನು ಹವ್ಯಾಸಿಗಳು ಈಗಲೂ ಕಟ್ಟುತ್ತಿದ್ದಾರೆ.

ಅಮೆರಿಕದ ಕಾನೂನು ಇದಕ್ಕೆ ಪ್ರತ್ಯೇಕ ವರ್ಗವನ್ನೇ ಕಲ್ಪಿಸಿದೆ. ನಿರ್ಮಾಣದ ಬಹುಪಾಲನ್ನು ಹವ್ಯಾಸಿಗಳೇ ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಮಾಡಿರಬೇಕು ಎಂಬುದು ಮುಖ್ಯ ಷರತ್ತು. ಆಡುಮಾತಿನಲ್ಲಿ ಇದು ‘ಶೇ. 51ರ ನಿಯಮ’.

ಬಟ್ಟೆಯ ವಿಮಾನ ಬೆಂಗಳೂರಿಗೂ ಹೊಸದಲ್ಲ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಇಲ್ಲಿ ನಿರ್ಮಿಸಿ 1958ರಲ್ಲಿ ಮೊದಲ ಬಾರಿಗೆ ಹಾರಿಸಿದ ‘ಪುಷ್ಪಕ್’ ಬಟ್ಟೆ ಹೊದಿಸಿದ ವಿಮಾನವೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅನೇಕ ಚಾಲಕರು ಹಾರಾಟ ಕಲಿತದ್ದು ಅದರಲ್ಲಿ.

ಅಸ್ಥಿಪಂಜರ ನೇರವಾಗಿರಲಿ

ಬಟ್ಟೆ ಹೊದಿಸುವ ಮುನ್ನ ಮರದ ರೆಕ್ಕೆ ಒಂದು ಅಸ್ಥಿಪಂಜರದಂತೆ ಕಾಣುತ್ತದೆ. ಉದ್ದಕ್ಕೂ ಹಾಯುವ ಎರಡು ತೊಲೆಗಳು ಸ್ಪಾರ್‌ಗಳು. ಅವುಗಳಿಗೆ ಅಡ್ಡಲಾಗಿ ಸಾಲಾಗಿ ನಿಲ್ಲುವ ತೆಳುವಾದ ಚೌಕಟ್ಟುಗಳು ರಿಬ್‌ಗಳು, ಅಂದರೆ ಪಕ್ಕೆಲುಬುಗಳು. ರೆಕ್ಕೆಗೆ ಆಕಾರ ಕೊಡುವುದು ಈ ಪಕ್ಕೆಲುಬುಗಳಾದರೆ, ಭಾರ ಹೊರುವುದು ತೊಲೆಗಳು. ತೊಲೆಗಳ ನಡುವೆ ಓರೆಯಾಗಿ ಬಿಗಿದ ತಂತಿಗಳು ರೆಕ್ಕೆ ಹಿಂದಕ್ಕಾಗಲಿ ಮುಂದಕ್ಕಾಗಲಿ ವಾಲದಂತೆ ತಡೆಯುತ್ತವೆ.

ಮೊದಲ ಕೆಲಸ ಈ ಪಂಜರವನ್ನು ನೇರಗೊಳಿಸುವುದು. ಮನೆಯ ಪಾಯ ಹಾಕುವ ಮೇಸ್ತ್ರಿ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ಸಮವಿದೆಯೇ ಎಂದು ನೋಡುವ ಕ್ರಮವೇ ಇಲ್ಲಿಯೂ ಇದೆ. ಪ್ರತಿ ಅಂಕಣದ ಎರಡೂ ಕರ್ಣಗಳು ಸಮವಾಗುವವರೆಗೆ ತಂತಿಗಳನ್ನು ಬಿಗಿ ಮಾಡಬೇಕು, ಸಡಿಲಿಸಬೇಕು. ಈಗ ಉಳಿದ ಸೊಟ್ಟವನ್ನು ಬಟ್ಟೆ ಹೊದಿಸಿದ ಮೇಲೆ ತಿದ್ದುವುದು ಬಹು ಕಷ್ಟ.

ಎರಡನೆಯದು ಮರದ ಪರೀಕ್ಷೆ. ತೊಲೆಗಳಿಗೆ ಸಾಮಾನ್ಯವಾಗಿ ಬಳಸುವುದು ಸಿಟ್ಕಾ ಸ್ಪ್ರೂಸ್ ಎಂಬ ಹಗುರವಾದ, ಗಟ್ಟಿಯಾದ ಮರ. ಅತಿಯಾದ ಒತ್ತಡಕ್ಕೆ ಸಿಕ್ಕಿದರೆ ಅದರ ಎಳೆಗಳಿಗೆ ಅಡ್ಡಲಾಗಿ ಕೂದಲಿನಷ್ಟು ತೆಳುವಾದ ಗೆರೆ ಮೂಡುತ್ತದೆ. ಬರಿಗಣ್ಣಿಗೆ ಗೀರಿನಂತೆ ತೋರುವ ಈ ಗೆರೆ ವಾಸ್ತವವಾಗಿ ತೊಲೆಯ ಬಲವನ್ನೇ ಕುಗ್ಗಿಸುವ ಬಿರುಕು. ಟಾರ್ಚ್ ಬೆಳಕನ್ನು ಓರೆಯಾಗಿ ಬೀರಿ ಇದನ್ನು ಹುಡುಕಬೇಕು. ಅಂಟಿನ ಕೂಡುಗಳಲ್ಲಿ ಸಂದು ಬಿಟ್ಟಿದೆಯೇ, ಬೋಲ್ಟುಗಳನ್ನು ಅತಿಯಾಗಿ ಬಿಗಿದು ಮರ ನಜ್ಜಾಗಿದೆಯೇ, ನಟ್ಟುಗಳು ಸಡಿಲವಾಗದಂತೆ ತಡೆಯುವ ಪಿನ್ನು ಹಾಗೂ ತಂತಿಗಳೆಲ್ಲ ಸ್ವಸ್ಥಾನದಲ್ಲಿವೆಯೇ ಎಂಬುದನ್ನು ಒಂದೊಂದಾಗಿ ನೋಡುವುದು ಅನಂತರದ ಕೆಲಸ.

ಅಂಟಿಗೂ ವಾರ್ನಿಷಿಗೂ ಹೊಂದಾಣಿಕೆ

ಮರದ ದೊಡ್ಡ ಶತ್ರು ತೇವ. ಆದ್ದರಿಂದ ಒಳಭಾಗಕ್ಕೆಲ್ಲ ವಾರ್ನಿಷ್ ಬಳಿಯುವುದು ಕಡ್ಡಾಯ. ಕೊಯ್ದ ತುದಿಗಳು ಹಾಗೂ ಬೋಲ್ಟಿಗಾಗಿ ಕೊರೆದ ರಂಧ್ರಗಳು ನೀರನ್ನು ಬೇಗ ಹೀರುವುದರಿಂದ ಅಲ್ಲಿ ಹೆಚ್ಚಿನ ಎಚ್ಚರ ಬೇಕು.

ಯಾವ ವಾರ್ನಿಷ್ ಎಂಬುದೂ ಅಷ್ಟೇ ಮುಖ್ಯ. ಬಟ್ಟೆ ಅಂಟಿಸುವ ದ್ರಾವಣದಲ್ಲಿ ತೀಕ್ಷ್ಣವಾದ ರಾಸಾಯನಿಕಗಳಿರುತ್ತವೆ. ಸಾಧಾರಣ ವಾರ್ನಿಷ್ ಅದು ತಾಗಿದೊಡನೆ ಕರಗಿ ಸುಕ್ಕುಗಟ್ಟಿ ಮೇಲೇಳುತ್ತದೆ. ಆಗ ಬಟ್ಟೆ ಅಂಟುವುದು ಮರಕ್ಕಲ್ಲ, ಸಡಿಲವಾದ ಒಂದು ಪದರಕ್ಕೆ. ಎರಡು ದ್ರವಗಳನ್ನು ಬೆರೆಸಿ ಬಳಿಯುವ ಎಪಾಕ್ಸಿ ವಾರ್ನಿಷ್ ಈ ರಾಸಾಯನಿಕಗಳಿಗೆ ಜಗ್ಗುವುದಿಲ್ಲವಾದ್ದರಿಂದ ಅದನ್ನೇ ಬಳಸಲಾಗುತ್ತದೆ. ಉಕ್ಕಿನ ಭಾಗಗಳಿಗೂ ಎಪಾಕ್ಸಿ ಪ್ರೈಮರ್ ಬೇಕು.

ವಿಟ್‌ಮನ್ ದುರಂತದ ಪಾಠ ಇರುವುದೂ ಇಲ್ಲಿಯೇ. ತೆರೆದ ಪಕ್ಕೆಲುಬುಗಳ ರೆಕ್ಕೆಯಲ್ಲಿ ಬಟ್ಟೆಯನ್ನು ಪಕ್ಕೆಲುಬುಗಳಿಗೆ ದಾರದಿಂದ ಹೊಲಿಯುವುದು ರೂಢಿ. ಅಂಟು ಕೈಕೊಟ್ಟರೂ ಹೊಲಿಗೆ ಹಿಡಿದಿರುತ್ತದೆ. ಆದರೆ ಅವರ ವಿಮಾನದ ರೆಕ್ಕೆಗೆ ಪ್ಲೈವುಡ್ ಮೈ ಇದ್ದು, ಅದರ ಮೇಲೆ ಬಟ್ಟೆಯನ್ನು ಅಂಟಿಸಲಾಗಿತ್ತು. ಇಂಥ ಕಡೆ ಬಟ್ಟೆಯನ್ನು ಹಿಡಿದಿಡುವುದು ಅಂಟೊಂದೇ.

ಹೀಗಾಗಿ ಒಂದು ಕಂಪನಿಯ ಅಂಟು, ಮತ್ತೊಂದರ ಬಣ್ಣ, ಮಗದೊಂದರ ಬಟ್ಟೆ ಎಂದು ಬೆರಕೆ ಮಾಡಬಾರದು ಎಂಬುದು ಈ ಕಸುಬಿನ ಮೊದಲ ನಿಯಮ. ಒಂದು ಪದ್ಧತಿಯನ್ನು ಆಯ್ದುಕೊಂಡರೆ ಅದರ ಕೈಪಿಡಿಯನ್ನು ಆರಂಭದಿಂದ ಕೊನೆಯವರೆಗೆ ಪಾಲಿಸಬೇಕು. ರೆಕ್ಕೆಗೆ ಕೈ ಹಾಕುವ ಮೊದಲು ಪ್ಲೈವುಡ್ ತುಂಡೊಂದಕ್ಕೆ ಅದೇ ವಾರ್ನಿಷ್ ಬಳಿದು, ಅದೇ ಬಟ್ಟೆಯನ್ನು ಅಂಟಿಸಿ, ಒಣಗಿದ ಮೇಲೆ ಎಳೆದು ನೋಡುವುದು ಜಾಣತನ. ಸುಲಭವಾಗಿ ಕಿತ್ತುಬಂದರೆ ನಷ್ಟ ಒಂದು ಮರದ ತುಂಡು ಮಾತ್ರ.

ನವಾರು ಹೆಣೆದಂತೆ

ಹಿಂದೆ ರೆಕ್ಕೆಗೆ ಲಿನನ್ ಅಥವಾ ಹತ್ತಿಯ ಬಟ್ಟೆ ಹೊದಿಸಿ, ‘ಡೋಪ್’ ಎಂಬ ದ್ರಾವಣ ಬಳಿದು ಬಿಗಿಗೊಳಿಸುತ್ತಿದ್ದರು. ಈಗ ಆ ಸ್ಥಾನ ಪಾಲಿಯೆಸ್ಟರ್ ಪಾಲಾಗಿದೆ. ಇಸ್ತ್ರಿ ಪೆಟ್ಟಿಗೆಯ ಕಾವಿಗೆ ಇದು ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಬಹುಬಳಕೆಯಲ್ಲಿರುವ ‘ಪಾಲಿ ಫೈಬರ್’ ಪದ್ಧತಿಯಲ್ಲಿ ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ 350 ಡಿಗ್ರಿ ಕಾವು ಕೊಡಲಾಗುತ್ತದೆ. ಅದನ್ನು ಮೀರಿದರೆ ಬಟ್ಟೆ ಹಾಳಾಗುವ ಅಪಾಯವಿದೆ. ಇಸ್ತ್ರಿ ಪೆಟ್ಟಿಗೆಯ ಗುಂಡಿಯ ಮೇಲಿನ ಗುರುತನ್ನು ನಂಬದೆ ಉಷ್ಣಮಾಪಕದಿಂದ ಅಳೆದುಕೊಳ್ಳಬೇಕು.

ಹೀಗೆ ಕುಗ್ಗುವಾಗ ಬಟ್ಟೆ ಪಕ್ಕೆಲುಬುಗಳನ್ನು ಬಲವಾಗಿ ಜಗ್ಗುತ್ತದೆ. ತೆಳುವಾದ ಪಕ್ಕೆಲುಬು ಪಕ್ಕಕ್ಕೆ ವಾಲಿದರೆ ರೆಕ್ಕೆಯ ಆಕಾರವೇ ಕೆಡುತ್ತದೆ. ಇದನ್ನು ತಡೆಯಲು ಒಂದು ಪಕ್ಕೆಲುಬಿನ ಮೇಲಂಚಿನಿಂದ ಮುಂದಿನದರ ಕೆಳಅಂಚಿಗೆ, ಅಲ್ಲಿಂದ ಮತ್ತೆ ಮೇಲಕ್ಕೆ, ಮಂಚಕ್ಕೆ ನವಾರು ಹೆಣೆಯುವಂತೆ ಹತ್ತಿಯ ಪಟ್ಟಿಯನ್ನು ಹಾಯಿಸಿ ಕಟ್ಟಲಾಗುತ್ತದೆ. ನೋಡಲು ಕ್ಷುಲ್ಲಕ, ಆದರೆ ಇದನ್ನು ಬಿಟ್ಟವರ ರೆಕ್ಕೆ ಇಸ್ತ್ರಿಯ ದಿನವೇ ಸೊಟ್ಟಗಾಗಬಹುದು.

ಬಟ್ಟೆ ತಾಗುವ ಪ್ರತಿಯೊಂದು ಜಾಗವೂ ನುಣುಪಾಗಿರಬೇಕು. ಬೆರಳಾಡಿಸಿ ನೋಡಿದಾಗ ಚುಚ್ಚುವ ಅಂಚು, ಹೊರಚಾಚಿದ ಮೊಳೆಯ ತಲೆ, ಗಟ್ಟಿಯಾದ ಅಂಟಿನ ಹನಿ ಇವೆಲ್ಲ ಹಾರಾಟದ ಅದುರಾಟದಲ್ಲಿ ಬಟ್ಟೆಯನ್ನು ಸವೆಸುತ್ತವೆ. ಇವನ್ನು ಉಪ್ಪು ಕಾಗದದಿಂದ ಉಜ್ಜಿ, ತಿದ್ದಲಾಗದ ಅಂಚುಗಳಿಗೆ ಪಟ್ಟಿ ಅಂಟಿಸಬೇಕು. ಹೊಲಿಗೆಯ ದಾರ ಸುತ್ತುವ ಕಡೆ ಪಕ್ಕೆಲುಬಿನ ಅಂಚನ್ನೂ ದುಂಡಗೆ ಮಾಡಬೇಕು. ಇಲ್ಲವಾದರೆ ದಾರವೇ ಕೊಯ್ದುಹೋದೀತು.

ಮತ್ತೆ ಕಾಣದ ಒಳಭಾಗ

ಚೆನ್ನಾಗಿ ಹೊದಿಸಿದ ಪಾಲಿಯೆಸ್ಟರ್ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಬಲ್ಲದು. ಅಷ್ಟೂ ಕಾಲ ರೆಕ್ಕೆಯ ಒಳಭಾಗದ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮುಂದೆ ಬೇಕಾಗುವುದನ್ನೆಲ್ಲ ಈಗಲೇ ಅಳವಡಿಸಿಕೊಳ್ಳಬೇಕು.

ಏಲೆರಾನ್ ನಡೆಸುವ ಉಕ್ಕಿನ ಹಗ್ಗಗಳನ್ನು ರಾಟೆಗಳ ಮೇಲೆ ಹಾಯಿಸಿ, ಎರಡೂ ತುದಿಯವರೆಗೆ ಎಳೆದು, ಎಲ್ಲಿಯೂ ಮರಕ್ಕೆ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರೆಕ್ಕೆ ತುದಿಯ ದೀಪಗಳಿಗೆ ವೈರು, ವೇಗಮಾಪಕಕ್ಕೆ ಗಾಳಿಯ ಕೊಳವೆ ಎಳೆಯಬೇಕು. ಮನೆಗೆ ವೈರಿಂಗ್ ಮಾಡುವವರು ಪೈಪಿನಲ್ಲಿ ಒಂದು ದಾರ ಬಿಟ್ಟಿರುವಂತೆ ಇಲ್ಲಿಯೂ ದಾರವೊಂದನ್ನು ಬಿಟ್ಟರೆ ಮುಂದೆ ಹೊಸ ವೈರು ಎಳೆಯಲು ಅನುಕೂಲ. ರಾಟೆ, ಬೋಲ್ಟುಗಳಿರುವ ಕಡೆ ಇಣುಕಿ ನೋಡಲು ಮುಚ್ಚಳವಿರುವ ಕಿಂಡಿಗಳಿಗೆ ಜಾಗ ಗುರುತಿಸಿಕೊಳ್ಳಬೇಕು. ಪ್ರತಿ ಅಂಕಣದ ತಗ್ಗಿನ ಮೂಲೆಯಲ್ಲಿ ನೀರು ಬಸಿಯಲು ರಂಧ್ರ ಬೇಕು. ಒಳಗೆ ಕಟ್ಟಿಕೊಳ್ಳುವ ತೇವಕ್ಕೆ ದಾರಿ ಇಲ್ಲದಿದ್ದರೆ ಮರ ಕೊಳೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಕೊನೆಗೆ ಮರದ ಪುಡಿ, ಬಿದ್ದ ಮೊಳೆ, ಮರೆತ ಪೆನ್ಸಿಲನ್ನು ಹೊರತೆಗೆದು, ಉಪಕರಣಗಳ ಲೆಕ್ಕ ಹಾಕಬೇಕು. ಒಳಗೆ ಉಳಿದ ಒಂದು ಸ್ಪ್ಯಾನರ್ ಏಲೆರಾನ್ ಹಗ್ಗಕ್ಕೆ ಸಿಕ್ಕಿಕೊಂಡರೆ ಸಾಕು, ಅನಾಹುತ ತಪ್ಪಿದ್ದಲ್ಲ.

ಇನ್ನೊಬ್ಬರ ಕಣ್ಣು

ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತದ ಪರೀಕ್ಷಕರು ಬರುವುದು ವಿಮಾನ ಪೂರ್ಣಗೊಂಡ ಮೇಲೆ. ಆ ವೇಳೆಗೆ ರೆಕ್ಕೆ ಮುಚ್ಚಿರುತ್ತದೆ. ಈ ಕೊರತೆಯನ್ನು ತುಂಬುತ್ತಿರುವುದು 1953ರಲ್ಲಿ ಪಾಲ್ ಪೊಬೆರೆಜ್ನಿ ಅವರು ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಆಶ್‌ಕಾಶ್ ಮೇಳ ನಡೆಸುವ ಸಂಸ್ಥೆಯೂ ಇದೇ. ಇದರ ಅನುಭವಿ ಸ್ವಯಂಸೇವಕರು ‘ತಾಂತ್ರಿಕ ಸಲಹೆಗಾರ’ರಾಗಿ ಮನೆಗೇ ಬಂದು, ಬಟ್ಟೆ ಹೊದಿಸುವ ಮುನ್ನ ರೆಕ್ಕೆಯನ್ನು ಪರಿಶೀಲಿಸುತ್ತಾರೆ. ಸದಸ್ಯರಿಗೆ ಇದು ಉಚಿತ.

ಈ ಭೇಟಿ ಕಡ್ಡಾಯವಲ್ಲ. ಆದರೂ ಬಲ್ಲವರು ಇದನ್ನು ತಪ್ಪಿಸುವುದಿಲ್ಲ. ವರ್ಷಗಟ್ಟಲೆ ಒಂದೇ ರೆಕ್ಕೆಯನ್ನು ನೋಡಿದ ಕಣ್ಣಿಗೆ ತನ್ನ ತಪ್ಪು ತನಗೆ ಕಾಣುವುದಿಲ್ಲ. ಹಾಕಲು ಮರೆತ ಪಿನ್ನು ಹೊಸಬರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಪ್ರತಿ ಅಂಕಣದ ಛಾಯಾಚಿತ್ರ ತೆಗೆದು ದಿನಚರಿಯಲ್ಲಿ ಇಟ್ಟುಕೊಳ್ಳುವುದೂ ರೂಢಿ. ಮುಂದೆ ಸಂದೇಹ ಬಂದಾಗ ಬಟ್ಟೆ ಹರಿಯದೆ ಒಳಗೇನಿದೆ ಎಂದು ತಿಳಿಯಲು ಅದೇ ಆಧಾರ.

ಹಗುರ ವಿಮಾನದ ರೆಕ್ಕೆಯ ಪ್ರತಿ ಚದರ ಮೀಟರ್ ನೇರ ಹಾರಾಟದಲ್ಲಿ ಸುಮಾರು 30ರಿಂದ 50 ಕಿಲೋ ಭಾರ ಹೊರುತ್ತದೆ. ವಿಮಾನ ತೀವ್ರವಾಗಿ ತಿರುಗುವಾಗ ಅದು ಇಮ್ಮಡಿಯೂ ಆದೀತು. ಅದರ ಬಹುಪಾಲು ಮೇಲ್ಮೈಯ ಬಟ್ಟೆಯನ್ನು ಮೇಲಕ್ಕೆ ಎಳೆಯುವ ಬಲ. ಆ ಎಳೆತ ಬಟ್ಟೆಯಿಂದ ಹೊಲಿಗೆಗೆ, ಹೊಲಿಗೆಯಿಂದ ಪಕ್ಕೆಲುಬಿಗೆ, ಪಕ್ಕೆಲುಬಿನಿಂದ ತೊಲೆಗೆ ಸಾಗುತ್ತದೆ. ಸರಪಳಿಯ ಒಂದು ಕೊಂಡಿ ಸಡಿಲವಾದರೂ ಹಾರುವವರ ಜೀವಕ್ಕೆ ಕುತ್ತು.

ಬಟ್ಟೆ ಹೊದಿಸಿ ಬಣ್ಣ ಬಳಿದ ಮೇಲೆ ಎಲ್ಲ ರೆಕ್ಕೆಗಳೂ ಒಂದೇ ರೀತಿ ಹೊಳೆಯುತ್ತವೆ. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಇರುವ ವ್ಯತ್ಯಾಸ ಕಾಣುವುದು ಅದಕ್ಕೆ ಮುಂಚಿನ ಕೆಲವು ದಿನ ಮಾತ್ರ. ಹಾರುವ ಆತುರವನ್ನು ಅಷ್ಟು ದಿನ ಅದುಮಿಟ್ಟುಕೊಂಡು, ಟಾರ್ಚ್ ಹಿಡಿದು ಮತ್ತೊಮ್ಮೆ ನೋಡುವವರೇ ಈ ಹವ್ಯಾಸದಲ್ಲಿ ಕ್ಷೇಮವಾಗಿ ನೆಲಕ್ಕೆ ಮರಳಬಲ್ಲರು.