ಉರಿಯುವ ಒಲೆಯ ಲೆಕ್ಕ

ರಸಾಯನಶಾಸ್ತ್ರದ ಸಮೀಕರಣವೆಂದೊಡನೆ, ಅದು ಪರೀಕ್ಷೆಗೆ ಕೂರುವ ಮಕ್ಕಳ ಪಾಡೆಂದು ಗೃಹಸ್ಥರು ಪುಟವನ್ನು ಮಗುಚುವುದುಂಟು. ಆದರೆ ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ಈ ಲೆಕ್ಕವು ಪ್ರತಿದಿನವೂ ನಡೆಯುತ್ತಿರುವುದು. ಬಚ್ಚಲುಮನೆಯ ಗ್ಯಾಸ್ ಗೀಸರಿನಲ್ಲಿಯಾದರೋ ಅದು ಪ್ರಾಣಕ್ಕೇ ಸಂಬಂಧಿಸಿದುದು.

ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್ ಎಂಬ ಅನಿಲಗಳ ಮಿಶ್ರಣ. ಸುಲಭವಾದುದೆಂದು ಪ್ರೊಪೇನನ್ನೇ ತೆಗೆದುಕೊಳ್ಳೋಣ. ಇದರ ಒಂದು ಅಣುವಿನಲ್ಲಿ ಇಂಗಾಲದ 3, ಜಲಜನಕದ 8 ಪರಮಾಣುಗಳಿವೆ. ಚೆನ್ನಾಗಿ ಉರಿದಾಗ ಇವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತವೆ. 3 ಇಂಗಾಲಕ್ಕೆ 3 ಅಣು ಡೈಆಕ್ಸೈಡು. 8 ಜಲಜನಕಕ್ಕೆ 4 ಅಣು ನೀರು. ಈಗ ಹುಟ್ಟಿದ ವಸ್ತುಗಳಲ್ಲಿರುವ ಆಮ್ಲಜನಕವನ್ನು ಎಣಿಸಿದರೆ ಡೈಆಕ್ಸೈಡಿನಲ್ಲಿ 6, ನೀರಿನಲ್ಲಿ 4, ಒಟ್ಟು 10. ಗಾಳಿಯ ಆಮ್ಲಜನಕವು ಜೋಡಿಜೋಡಿಯಾಗಿರುವುದರಿಂದ ಅದರ 5 ಅಣುಗಳು ಬೇಕಾದುವು. ಆಮ್ಲಜನಕವನ್ನು ಕಡೆಗೆ ಎಣಿಸುವುದೇ ಇಲ್ಲಿಯ ಜಾಣತನ. ಎಣಿಕೆ ಕೂಡದಾಗ ಕೆಲವು ಹುಡುಗರು ಅಣುವಿನ ಒಳಗಣ ಅಂಕಿಯನ್ನೇ ತಿದ್ದಿಬಿಡುವರು; ನೀರಿನ ಅಣುವಿಗೆ ಇನ್ನೊಂದು ಆಮ್ಲಜನಕವನ್ನು ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುವುದೆಂಬ ಪರಿವೆಯೇ ಅವರಿಗಿಲ್ಲ.

ತೂಕವೂ ಹೀಗೆಯೇ ಸರಿಹೋಗುತ್ತದೆ. 44 ಗ್ರಾಂ ಪ್ರೊಪೇನ್, 160 ಗ್ರಾಂ ಆಮ್ಲಜನಕ, ಒಟ್ಟು 204. ಡೈಆಕ್ಸೈಡು 132, ನೀರು 72, ಅದೂ 204. ದ್ರವ್ಯವು ನಶಿಸದೆಂಬ ಈ ತತ್ತ್ವವನ್ನು ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದನು. 1794ರಲ್ಲಿ ಅಲ್ಲಿಯ ಕ್ರಾಂತಿಕಾರರು ಆ ಮಹನೀಯನ ಶಿರಶ್ಛೇದವನ್ನೇ ಮಾಡಿಸಿದರು!

ಗಾಳಿಯ ತೂಕದಲ್ಲಿ ಆಮ್ಲಜನಕವು ಶೇಕಡಾ 23ರಷ್ಟು ಮಾತ್ರ. ಆದಕಾರಣ 1 ಕಿಲೋಗ್ರಾಂ ಪ್ರೊಪೇನ್ ಉರಿಯಲು 15 ಕಿಲೋಗ್ರಾಮಿಗೂ ಮಿಕ್ಕ ಗಾಳಿ, ಎಂದರೆ ಸುಮಾರು 13 ಘನಮೀಟರ್, ಬೇಕು. 5 ಘನಮೀಟರಿನ ಬಚ್ಚಲುಮನೆಯಲ್ಲಿ ಅದರ ಅರ್ಧವೂ ಇಲ್ಲ. ಒಂದು ಸ್ನಾನಕ್ಕೆ ಅಷ್ಟು ಅನಿಲ ಬೇಡವೆಂಬುದು ದಿಟ. ಆದರೆ ಆಮ್ಲಜನಕವು ಪೂರ್ತಿ ತೀರುವವರೆಗೂ ಅಪಾಯವು ಕಾದಿರುವುದಿಲ್ಲ, ಅದು ಕುಂದುತ್ತಿರುವಾಗಲೇ ದಹನವು ಕೆಡತೊಡಗುತ್ತದೆ.

ಆಗ ನಡೆಯುವ ಇನ್ನೊಂದು ಲೆಕ್ಕವನ್ನು ನೋಡಿರಿ. 2 ಅಣು ಪ್ರೊಪೇನಿಗೆ 10 ಅಣು ಆಮ್ಲಜನಕ ದೊರೆಯಬೇಕಾದಲ್ಲಿ 7 ಮಾತ್ರ ದೊರೆತರೆ, 8 ಅಣು ನೀರಿನೊಡನೆ 6 ಅಣು ಇಂಗಾಲದ ಮಾನಾಕ್ಸೈಡು ಹುಟ್ಟಬಹುದು. ಎಣಿಸಿರಿ; ಈ ಸಮೀಕರಣವೂ ಕೂದಲೆಳೆಯಷ್ಟೂ ತಪ್ಪದೆ ಸರಿದೂಗುತ್ತದೆ. ಆದರೆ ಹುಟ್ಟಿದುದು ವಿಷ. ನೆತ್ತರಿನ ಹೀಮೋಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಮೂರ್ಛೆ. ಬಾಗಿಲಿನ ಚಿಲಕವನ್ನು ತೆಗೆಯಲೂ ತ್ರಾಣವಿರದು.

ನೀಲಿಯಾಗಿರಬೇಕಾದ ಉರಿ ಹಳದಿಯಾದರೆ, ಪಾತ್ರೆಯ ತಳಕ್ಕೆ ಮಸಿ ಹಿಡಿದರೆ, ಗಾಳಿ ಸಾಲದೆಂದು ಸಂಶಯಿಸಬೇಕು. ಗೀಸರನ್ನು ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿ ಹಾಕಿಸುವುದೇ ಲೇಸು. ಸೋರಿದರೆ ತಿಳಿಯಲೆಂದು ಸಿಲಿಂಡರಿನ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಿರುತ್ತಾರೆ. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.